ಸ್ಫೋಟವಾದ ಓಣಿಯಲ್ಲಿ ಒಡೆಯದೆ ಉಳಿದದ್ದನ್ನೂ ಬರೆದುಕೊಳ್ಳಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಸಿಡಿಯಬಲ್ಲ ವಸ್ತುಗಳೆಲ್ಲ ಜನವಸತಿಯ ಮಗ್ಗುಲಲ್ಲೇ ಇವೆ. ಅಡುಗೆಮನೆಯ ಗ್ಯಾಸ್, ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಫೌಂಡ್ರಿಗಳ ಕುಲುಮೆ, ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮತ್ತು ಡಿಸ್ಟಿಲರಿ, ಇಳಕಲ್ಲ ಕಡೆಯ ಕ್ವಾರಿಗಳಿಗೆ ಹೋಗುವ ಜಿಲೆಟಿನ್, ದೀಪಾವಳಿ ಹೊತ್ತಿನ ಪಟಾಕಿ ದಾಸ್ತಾನು. ಇವುಗಳಲ್ಲಿ ಯಾವುದು ಸಿಡಿದರೂ ಮೊದಲ ತಾಸಿನಲ್ಲೇ ‘ಸಿಲಿಂಡರ್ ಬ್ಲಾಸ್ಟ್ ಆತು’ ಎಂಬ ಸುದ್ದಿ ಊರು ತುಂಬಿರುತ್ತದೆ. ಮಧ್ಯಪ್ರದೇಶದ ಪೇಟ್ಲಾವದ್‌ನಲ್ಲಿ 2015ರ ಸೆಪ್ಟೆಂಬರ್ 12ರಂದು ಎಪ್ಪತ್ತಕ್ಕೂ ಹೆಚ್ಚು ಜನ ಸತ್ತಾಗ ಮೊದಲು ಹಬ್ಬಿದ್ದೂ ಹೋಟೆಲಿನ ಸಿಲಿಂಡರ್ ಸಿಡಿಯಿತೆಂಬ ಮಾತೇ. ಪಕ್ಕದ ಕಟ್ಟಡದಲ್ಲಿ ಕೂಡಿಟ್ಟಿದ್ದ ಸ್ಫೋಟಕದ ವಿಷಯ ಆಮೇಲೆ ಹೊರಬಿತ್ತು.

ಹಾನಿಯಾದ ಕಟ್ಟಡಗಳ ಸಮೀಕ್ಷೆ ಮಾಡುವ ಸಿವಿಲ್ ಎಂಜಿನಿಯರ್ ಆಗಿ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ತಪ್ಪು ಎಂಬುದು ಪೊಲೀಸರ ಕೆಲಸ. ಉಳಿಕೆಯ ರಾಸಾಯನಿಕ ಪರೀಕ್ಷೆ ವಿಧಿವಿಜ್ಞಾನ ಪ್ರಯೋಗಾಲಯದ್ದು, ಅದು ನಮಗೆ ಬೆಳಗಾವಿಯಲ್ಲೇ ಇದೆ. ನನ್ನ ಪಾಲಿಗೆ ಬರುವ ಪ್ರಶ್ನೆ ಮೂರು: ಒತ್ತಡ ಎಷ್ಟಿತ್ತು, ಎಲ್ಲಿಂದ ಬಂತು, ಎಷ್ಟು ಹೊತ್ತು ತಳ್ಳಿತು. ಈ ಮೂರಕ್ಕೂ ಉತ್ತರ ಓಣಿಯಲ್ಲೇ ಬಿದ್ದಿರುತ್ತದೆ. ಆದರೆ ಬಹಳ ಹೊತ್ತು ಬಿದ್ದಿರುವುದಿಲ್ಲ. ಜೆಸಿಬಿ ಬರುತ್ತದೆ, ಗುಜರಿಯವರು ಬರುತ್ತಾರೆ, ಅಂಗಡಿಯವರು ಕಸ ಗುಡಿಸಿ ಹೊಸ ಗಾಜು ಹಾಕಿಸುತ್ತಾರೆ. ಗಾಜು ಮತ್ತು ಶಟರ್‌ಗಳ ದಾಖಲೆ ಮೊದಲ ಎರಡು ದಿನದಲ್ಲಿ ಆಗದಿದ್ದರೆ ಆಮೇಲೆ ಆಗುವುದಿಲ್ಲ.

ಒಳಗೆ ಕಾಲಿಡುವ ಮೊದಲು

ಹೆಸ್ಕಾಂನವರು ಕಂಬದಲ್ಲೇ ಸಂಪರ್ಕ ತೆಗೆದಿದ್ದಾರೆಂದು ಖಾತ್ರಿ ಮಾಡಿಕೊಳ್ಳಬೇಕು. ಮನೆಯ ಮೇನ್ ಸ್ವಿಚ್ ಇಳಿಸಿದರೆ ಸಾಲದು. ಬಿರುಕುಬಿಟ್ಟ ಗೋಡೆಯೊಳಗಿನ ವೈರು ಎಲ್ಲಿ ಬತ್ತಲಾಗಿದೆಯೋ ಹೊರಗಿನಿಂದ ಕಾಣುವುದಿಲ್ಲ. ಗ್ಯಾಸ್ ಸೋರಿಕೆ ತೋರಿಸುವ ಮೀಟರನ್ನು ನೆಲದಿಂದ ಗೇಣು ಎತ್ತರದಲ್ಲಿ ಹಿಡಿದುಕೊಂಡೇ ಹೋಗಬೇಕು, ಏಕೆಂದರೆ ಎಲ್‌ಪಿಜಿ ಗಾಳಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಭಾರ. ಮೋರಿ, ನೆಲಮಾಳಿಗೆ, ನೀರಿನ ಸಂಪಿನೊಳಗೆ ಇಳಿದು ಕೂತಿರುತ್ತದೆ. ಗ್ಯಾಸ್ ಹತ್ತಿಕೊಳ್ಳಲು ಗಾಳಿಯಲ್ಲಿ ಇರಬೇಕಾದ ಕನಿಷ್ಠ ಪ್ರಮಾಣದ (ಕೆಳಮಿತಿಯ) ಶೇ. 10ಕ್ಕೆ ಮೀಟರಿನ ಮುಳ್ಳು ಬಂದರೆ ನಾನು ಹಿಂದಕ್ಕೆ ಬರುತ್ತೇನೆ. ವಿಜಯಪುರದ ಹಳೇ ಮಾಳಿಗೆ ಮನೆಗಳಲ್ಲಿ ಇನ್ನೊಂದು ಅಪಾಯವಿದೆ. ಸ್ಫೋಟ ಮಾಳಿಗೆಯನ್ನು ಮೇಲಕ್ಕೆತ್ತಿ ಬಿಟ್ಟಿರುತ್ತದೆ, ಜಂತಿಯ ತುದಿ ಗೋಡೆಯ ಗೂಡಿನಿಂದ ಅರ್ಧ ಹೊರಗೆ ಬಂದು ನಿಂತಿರುತ್ತದೆ. ಮೇಲಿನ ಹಾಳುಮಣ್ಣಿನ ಭಾರ ಹಾಗೇ ಇರುತ್ತದೆ. ಕೆಳಗೆ ನಿಂತು ಫೋಟೊ ತೆಗೆಯುವ ಜಾಗ ಅದಲ್ಲ.

ಅಗ್ನಿಶಾಮಕ ದಳದವರನ್ನು ಮೊದಲು ಕೇಳಬೇಕಾದ್ದು ಒಂದೇ: ನೀವು ಯಾವ ಯಾವ ವಾಲ್ವ್, ನಾಬ್, ಸ್ವಿಚ್ ತಿರುಗಿಸಿದಿರಿ? ಒಳಗೆ ಹೋದ ಕೂಡಲೇ ರೆಗ್ಯುಲೇಟರ್ ಬಂದ್ ಮಾಡುವುದು ಅವರ ಧರ್ಮ. ನಾವು ಹೋದಾಗ ಬಂದ್ ಇರುವ ರೆಗ್ಯುಲೇಟರ್ ಸ್ಫೋಟದ ಹೊತ್ತಿಗೂ ಬಂದ್ ಇತ್ತೆಂದು ಬರೆದರೆ ಇಡೀ ವರದಿ ದಾರಿ ತಪ್ಪುತ್ತದೆ.

ನಕ್ಷೆಗೆ ಸಿಟಿ ಸರ್ವೆಯ ಸಿಟಿಎಸ್ ಹಾಳೆಯೇ (ಊರಿನ ಆಸ್ತಿಗಳನ್ನು ನಂಬರ್ ಸಮೇತ ತೋರಿಸುವ ಸರ್ವೆ ನಕ್ಷೆ) ಒಳ್ಳೆಯದು. ಬೆಳಗಾವಿಯ ಗಲ್ಲಿಗಳಲ್ಲಿ ಮೊಬೈಲಿನ ಜಿಪಿಎಸ್ ಎತ್ತರದ ಗೋಡೆಗಳ ನಡುವೆ ಐದು ಮೀಟರೋ ಅದಕ್ಕಿಂತ ಹೆಚ್ಚೋ ತಪ್ಪು ತೋರಿಸುತ್ತದೆ. ಪ್ರತಿ ಕಿಟಕಿಗೂ ಸಿಟಿಎಸ್ ನಂಬರ್, ಮಹಡಿ, ಗೋಡೆಯ ದಿಕ್ಕು ಬರೆದು, ದೂರವನ್ನು ಲೇಸರ್ ಮೀಟರಿನಲ್ಲಿ ಕಟ್ಟಡದ ಮೂಲೆಯಿಂದ ಅಳೆಯುತ್ತೇವೆ. ದೂರದ ಬಗ್ಗೆ ಇಷ್ಟು ಬಿಗಿ ಏಕೆಂದರೆ, ಲೆಕ್ಕದಲ್ಲಿ ಬರುವ ಸ್ಫೋಟದ ಪ್ರಮಾಣ ದೂರದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ದೂರದಲ್ಲಿ ನೂರಕ್ಕೆ ಹತ್ತು ಹೆಚ್ಚು ಬರೆದರೆ ಸ್ಫೋಟಕದ ತೂಕದಲ್ಲಿ ನೂರಕ್ಕೆ ಮೂವತ್ಮೂರು ಹೆಚ್ಚು ಬಂದು ಕೂರುತ್ತದೆ.

ಗಾಜು

ಊರಿನಲ್ಲಿ ಎಲ್ಲ ಕಡೆ ಹರಡಿರುವ ಒತ್ತಡಮಾಪಕ ಎಂದರೆ ಕಿಟಕಿ ಗಾಜು. ಒತ್ತಡವನ್ನು ಕಿಲೋಪ್ಯಾಸ್ಕಲ್ ಎಂಬ ಮಾನದಲ್ಲಿ ಅಳೆಯುತ್ತೇವೆ. ಸುಮಾರು 1 ಕಿಲೋಪ್ಯಾಸ್ಕಲ್‌ಗೆ ದೊಡ್ಡ, ತೆಳುವಾದ ಗಾಜುಗಳು ಅಲ್ಲೊಂದು ಇಲ್ಲೊಂದು ಒಡೆಯತೊಡಗುತ್ತವೆ. 2ರ ಹೊತ್ತಿಗೆ ಹತ್ತರಲ್ಲಿ ಒಂದು. 3.5ರಿಂದ 7ರೊಳಗೆ ಸಣ್ಣವು ದೊಡ್ಡವು ಎನ್ನದೆ ಬಹುತೇಕ ಎಲ್ಲವೂ, ಎಷ್ಟೋ ಕಡೆ ಚೌಕಟ್ಟಿನ ಸಮೇತ. ಇಲ್ಲಿ ಬಹಳ ಜನ ಮಾಡುವ ತಪ್ಪು ಒಡೆದ ಗಾಜನ್ನಷ್ಟೇ ಎಣಿಸುವುದು. ಒಡೆದ ಗಾಜು ‘ಒತ್ತಡ ಇದಕ್ಕಿಂತ ಹೆಚ್ಚಿತ್ತು’ ಎನ್ನುತ್ತದೆ, ಪಕ್ಕದ ಒಡೆಯದ ಗಾಜು ‘ಇದಕ್ಕಿಂತ ಕಡಿಮೆ ಇತ್ತು’ ಎನ್ನುತ್ತದೆ. ಎರಡೂ ಸಿಕ್ಕರೆ ಮಾತ್ರ ಮೇಲಿನ ಕೆಳಗಿನ ಎಲ್ಲೆ ಸಿಗುತ್ತದೆ. ಒಡೆಯದ ಮನೆಗೆ ಯಾರೂ ನಮ್ಮನ್ನು ಕರೆಯುವುದಿಲ್ಲ, ನಾವೇ ಬಾಗಿಲು ತಟ್ಟಬೇಕು.

ಒಂದು ಗಾಜಿಗೆ ಬರೆಯುವುದು ಇಷ್ಟು: ಉದ್ದ, ಅಗಲ, ಮೈಕ್ರೋಮೀಟರಿನಲ್ಲಿ ಅಳೆದ ದಪ್ಪ (ಮನೆಗಳಲ್ಲಿ ಸಾಮಾನ್ಯವಾಗಿ 3 ಅಥವಾ 4 ಮಿಮೀ, ಅಂಗಡಿಗಳಲ್ಲಿ 5ಕ್ಕೂ ಮೇಲೆ), ಕೂರಿಸಿದ್ದು ಲಪ್ಪಿಯಲ್ಲೋ (ಪುಟ್ಟಿ) ಕಟ್ಟಿಗೆ ಪಟ್ಟಿಯಲ್ಲೋ ಅಲ್ಯೂಮಿನಿಯಂ ಚೌಕಟ್ಟಿನಲ್ಲೋ, ಕಿಟಕಿ ಆ ಹೊತ್ತಿಗೆ ತೆರೆದಿತ್ತೋ ಮುಚ್ಚಿತ್ತೋ, ಸ್ಫೋಟದ ಕಡೆ ಮುಖವಿತ್ತೋ ಬೆನ್ನಿತ್ತೋ, ಚೂರುಗಳು ಒಳಗೆ ಬಿದ್ದವೋ ಹೊರಗೋ, ಎಷ್ಟು ದೂರ. ಮುಖ ಮಾಡಿ ನಿಂತ ಗೋಡೆಯ ಮೇಲೆ ಅಲೆ ಬಡಿದು ಹಿಮ್ಮೆಟ್ಟುವಾಗ ಒತ್ತಡ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಹಾಗಾಗಿ ದಿಕ್ಕು ಬರೆಯದ ಗಾಜಿನ ದಾಖಲೆ ಲೆಕ್ಕಕ್ಕೆ ಬರುವುದಿಲ್ಲ. ದಪ್ಪದ ತುಂಡು ಸಿಗದಿದ್ದರೆ ಚೌಕಟ್ಟಿನ ಸಂದಿಯಲ್ಲಿ ಉಳಿದ ಅಂಚಿನ ಚೂರನ್ನು ಅಳೆಯಬಹುದು.

ಗಾಜಿನ ಬಲ ಒಂದರಂತೆ ಒಂದಿರುವುದಿಲ್ಲ. ಒಂದೇ ಹಾಳೆಯಿಂದ ಕತ್ತರಿಸಿದ ಎರಡು ಗಾಜುಗಳಲ್ಲಿ ಒಂದರ ಅಂಚಿಗೆ ಕೂದಲೆಳೆಯ ಗೀರಿದ್ದರೆ ಅದು ಅರ್ಧ ಒತ್ತಡಕ್ಕೇ ಹೋಗಬಹುದು. ಆದ್ದರಿಂದ ಒಂದೊಂದು ಕಿಟಕಿಯನ್ನು ನಂಬದೆ, ಕೇಂದ್ರದಿಂದ 25 ಮೀಟರಿಗೊಂದು ಸುತ್ತು ಹಾಕಿ, ಪ್ರತಿ ಸುತ್ತಿನಲ್ಲಿ ಒಂದೇ ಬಗೆಯ ಗಾಜುಗಳಲ್ಲಿ ನೂರಕ್ಕೆ ಎಷ್ಟು ಒಡೆದವು ಎಂದು ನೋಡುತ್ತೇವೆ. ಸುತ್ತು ದೊಡ್ಡದಾದಂತೆ ಈ ಸಂಖ್ಯೆ ಇಳಿಯುತ್ತ ಹೋಗಬೇಕು. ನಡುವೆ ಒಂದು ಸುತ್ತಿನಲ್ಲಿ ಥಟ್ಟನೆ ಏರಿದರೆ ಅಲ್ಲಿ ಓಣಿಯ ಆಕಾರ ಕೆಲಸ ಮಾಡಿದೆ ಎಂದರ್ಥ. ಎರಡೂ ಬದಿ ಗೋಡೆಗೆ ಗೋಡೆ ಹತ್ತಿದ ಇಕ್ಕಟ್ಟಿನ ಗಲ್ಲಿಯಲ್ಲಿ ಅಲೆ ಪಕ್ಕಕ್ಕೆ ಹರಡಲು ಜಾಗವಿಲ್ಲದೆ ಉದ್ದಕ್ಕೂ ಜೋರಾಗಿಯೇ ಸಾಗುತ್ತದೆ. ತಿರುವಿನಾಚೆಯ ಮನೆ ಹತ್ತಿರವಿದ್ದರೂ ಪಾರಾಗಿರುತ್ತದೆ. ಬಯಲಿನಲ್ಲಿ ಮಾಡಿದ ಪ್ರಯೋಗಗಳ ಕೋಷ್ಟಕವನ್ನು ಹಳೇ ಊರಿಗೆ ಹಾಗೇ ಹಚ್ಚಿದರೆ ಗಲ್ಲಿಯ ಉದ್ದಕ್ಕೆ ಸ್ಫೋಟ ದೊಡ್ಡದಾಗಿ, ಅಡ್ಡ ಓಣಿಗೆ ಸಣ್ಣದಾಗಿ ಕಾಣುವುದು ಇದಕ್ಕೇ.

ಗಾಜಿನ ಚೂರಿನ ಮೇಲಿನ ಮಸಿಯನ್ನೂ ನೋಡಬೇಕು. ದೂರ ಹಾರಿದ ಚೂರು ಸ್ವಚ್ಛವಾಗಿದ್ದರೆ ಸ್ಫೋಟ ಮೊದಲು, ಬೆಂಕಿ ಆಮೇಲೆ. ಚೂರಿನ ಒಂದು ಮೈಗೆ ಹೊಗೆಯ ಲೇಪ ಹತ್ತಿದ್ದರೆ ಬೆಂಕಿ ಮೊದಲೇ ಉರಿಯುತ್ತಿತ್ತು, ಆ ಬೆಂಕಿಯಲ್ಲಿ ಯಾವುದೋ ಸಿಡಿದಿದೆ. ಇದನ್ನು ಕೈಯಿಂದ ಒರೆಸಿ ನೋಡಬಾರದು. ಮಸಿಯ ಮೈ ಮೇಲಿರಲಿ ಕೆಳಗಿರಲಿ, ಬಿದ್ದ ಹಾಗೇ ಫೋಟೊ ತೆಗೆದು, ಕಾಗದದಲ್ಲಿ ಸುತ್ತಿ ಎತ್ತಿಡಬೇಕು.

ಶಟರ್ ಮತ್ತು ಎಣ್ಣೆ ಡಬ್ಬಿ

ಗಾಜೆಲ್ಲ ಹೋದ ಹತ್ತಿರದ ಸುತ್ತಿನಲ್ಲಿ ಗಾಜು ಏನೂ ಹೇಳುವುದಿಲ್ಲ. ಅಲ್ಲಿ ಬಾಗುವ ವಸ್ತುಗಳು ಬೇಕು. ಪೇಟೆಯಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ರೋಲಿಂಗ್ ಶಟರ್. ಮುಚ್ಚಿದ ಶಟರ್ ಎಂದರೆ ಎರಡು ಬದಿ ಚಾನೆಲ್ಲಿನಲ್ಲಿ (ಪಟ್ಟಿಗಳು ಜಾರುವ ಕಬ್ಬಿಣದ ಸಂದಿ) ಹಿಡಿದ ಒಂದು ತಗಡಿನ ಗೋಡೆ. ಒಂದು ಬದಿಯ ಚಾನೆಲ್ಲಿನಿಂದ ಇನ್ನೊಂದಕ್ಕೆ ನೂಲು ಬಿಗಿಯಾಗಿ ಎಳೆದು, ಅಡಿಗೊಂದರಂತೆ ನೂಲಿನಿಂದ ತಗಡಿಗೆ ಎಷ್ಟು ಸೆಂಮೀ ಎಂದು ಅಳೆಯುತ್ತೇವೆ. ಇದನ್ನು ಕೆಳಗೆ, ನಡುವೆ, ಮೇಲೆ ಮೂರು ಎತ್ತರದಲ್ಲಿ ಮಾಡಬೇಕು. ಪಟ್ಟಿಯ ದಪ್ಪ, ಶಟರಿನ ಅಗಲ, ಚಾನೆಲ್ಲಿನಿಂದ ಪಟ್ಟಿ ಜಾರಿ ಹೊರಬಂದಿದೆಯೋ ಇಲ್ಲವೋ ಬರೆಯಬೇಕು. ಜಾರಿ ಬಂದ ಶಟರಿನ ಬಾಗು ಲೆಕ್ಕಕ್ಕೆ ಹಿಡಿಯಬಾರದು; ಅದು ತಗಡು ಬಾಗಿದ್ದಲ್ಲ, ಹಿಡಿತ ಬಿಟ್ಟದ್ದು. ಬೀಗ ಹಾಕಿದ ಬದಿ ಕಡಿಮೆ, ಹಾಕದ ಬದಿ ಹೆಚ್ಚು ಬಾಗಿರುತ್ತದೆ. ಹಾಗಾಗಿ ಅಂಗಡಿಯವರನ್ನು ಎಷ್ಟು ಬೀಗ ಹಾಕಿದ್ದಿರಿ ಎಂದು ಕೇಳಲೇಬೇಕು.

ಕೆಲವು ಶಟರ್ ಒಳಗೆ ಬಾಗುವ ಬದಲು ಬೀದಿಗೆ ಉಬ್ಬಿರುತ್ತವೆ. ನೋಡಿದವರು ಸ್ಫೋಟ ಈ ಅಂಗಡಿಯಲ್ಲೇ ಆಯಿತೆನ್ನುತ್ತಾರೆ. ಹಾಗೆ ಇರಬಹುದು, ಇಲ್ಲದೆಯೂ ಇರಬಹುದು. ಅಲೆಯ ಮೊದಲ ತಳ್ಳಿನ ಹಿಂದೆಯೇ ಒತ್ತಡ ಸುತ್ತಲಿನ ಗಾಳಿಯ ಒತ್ತಡಕ್ಕಿಂತ ಕೆಳಗಿಳಿಯುವ ಸೆಳೆತದ ಹೊತ್ತೊಂದಿದೆ. ಜೊತೆಗೆ ತಗಡು ಒಳಗೆ ಹೋಗಿ ಸ್ಪ್ರಿಂಗಿನಂತೆ ವಾಪಸ್ ಬರುತ್ತದೆ. ಒಂದು ಶಟರ್ ನೋಡಿ ದಿಕ್ಕು ಹೇಳಬಾರದು. ಬಾಗಿದ ಕಂಬಿ, ಮಲಗಿದ ಬೋರ್ಡಿನ ಕಾಲು, ಒಂದೇ ಮೈ ತಗ್ಗಾದ ತಿಜೂರಿ, ಒಂದು ಬದಿ ಮಾತ್ರ ಸುಣ್ಣ ಉದುರಿದ ಕಲ್ಲಿನ ಕಂಬ ಇವೆಲ್ಲದರ ದಿಕ್ಕನ್ನು ನಕ್ಷೆಯಲ್ಲಿ ಬಾಣ ಹಾಕಿ ಹಿಂದಕ್ಕೆಳೆದರೆ ಗೆರೆಗಳು ಒಂದು ಕಡೆ ಕೂಡುತ್ತವೆ. ಬ್ರಿಟನ್ನಿನ ಬನ್ಸ್‌ಫೀಲ್ಡ್ ಎಣ್ಣೆ ದಾಸ್ತಾನಿನಲ್ಲಿ 2005ರ ಡಿಸೆಂಬರ್ 11ರಂದು ಪೆಟ್ರೋಲ್ ಆವಿ ಸಿಡಿದಾಗ ತನಿಖೆಯವರು ಬಾಗಿದ ಕಂಬ, ಜಜ್ಜಿಹೋದ ಸ್ಟೀಲ್ ಪೆಟ್ಟಿಗೆ, ಡ್ರಮ್ಮು, ಕಾರುಗಳನ್ನೇ ಹೀಗೆ ಓದಿದರು. ಬಯಲಿನಲ್ಲಿ ಹರಡಿದ ಆವಿ ಅಷ್ಟು ಜೋರಾಗಿ ಸಿಡಿಯಲಾರದೆಂದು ಅದುವರೆಗೆ ನಂಬಲಾಗಿತ್ತು. ದಾರಿಯ ಬದಿಯ ಗಿಡಮರಗಳ ಒತ್ತಾದ ಸಾಲು ಉರಿಯ ಓಟವನ್ನು ಹೆಚ್ಚಿಸಿತೆಂಬುದು ಆ ಕುರುಹುಗಳಿಂದಲೇ ಗೊತ್ತಾಯಿತು. 2009ರ ಅಕ್ಟೋಬರ್ 29ರ ಜೈಪುರ ಎಣ್ಣೆ ಡಿಪೊ ಸ್ಫೋಟವೂ ಇದೇ ಜಾತಿಯದು.

ಕಿರಾಣಿ ಅಂಗಡಿ, ಖಾನಾವಳಿ, ಮನೆ ಎಲ್ಲೆಡೆ ಸಿಗುವ 15 ಕೆಜಿ ಎಣ್ಣೆ ಡಬ್ಬಿಯೂ ಒಳ್ಳೆಯ ಮಾಪಕ. ಬಾಯಿ ಮುಚ್ಚಿದ ಖಾಲಿ ಡಬ್ಬಿ ಹೊರಗಿನ ಒತ್ತಡಕ್ಕೆ ಎದುರುಬದುರಿನ ಮೈ ಒಳಗೆ ಸೆಳೆದುಕೊಂಡು ಮುದುಡುತ್ತದೆ. ಬಾಯಿ ತೆರೆದದ್ದು ಮುದುಡುವುದಿಲ್ಲ, ಗಾಳಿ ಒಳಗೂ ಹೋಗುವುದರಿಂದ. ತುಂಬಿದ ಡಬ್ಬಿ ಹಂದುವುದಿಲ್ಲ. ಮೂರೂ ಬಗೆ ಒಂದೇ ಕಪಾಟಿನಲ್ಲಿ ಸಿಕ್ಕರೆ ಅದು ಬಿದ್ದು ಜಜ್ಜಿದ್ದಲ್ಲ, ಗಾಳಿಯ ಒತ್ತಡಕ್ಕೇ ಮುದುಡಿದ್ದು ಎಂದು ಧೈರ್ಯವಾಗಿ ಹೇಳಬಹುದು. ಒತ್ತಡದ ಸಂಖ್ಯೆ ಬೇಕೆಂದರೆ ಅದೇ ಕಂಪನಿಯ, ಅದೇ ಅಚ್ಚಿನ ಖಾಲಿ ಡಬ್ಬಿಗಳನ್ನು ತಂದು, ಮುಚ್ಚಳಕ್ಕೆ ನಳಿಕೆ ಬೆಸೆದು, ವ್ಯಾಕ್ಯೂಮ್ ಪಂಪಿನಿಂದ ಗಾಳಿ ನಿಧಾನ ಎಳೆಯುತ್ತ, ಗೇಜಿನ ಮೇಲೆ ಕಣ್ಣಿಟ್ಟು, ಓಣಿಯ ಡಬ್ಬಿಯಷ್ಟೇ ತಗ್ಗಾಗುವವರೆಗೆ ಹೋಗಬೇಕು. ತಗ್ಗಿನ ಆಳಕ್ಕಿಂತ, ಮುದುಡಿದ ಡಬ್ಬಿಯಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂದು ಅಳೆದು ಹೋಲಿಸುವುದು ನಿಖರ. ಶಟರಿಗಾದರೆ, ಅದೇ ತಯಾರಿಯ ಇನ್ನೊಂದನ್ನು ಚಾನೆಲ್ ಸಮೇತ ಮಲಗಿಸಿ ಒಣ ಮರಳು ಹರಡಬಹುದು. 10 ಸೆಂಮೀ ಮರಳು ಸುಮಾರು ಒಂದೂವರೆ ಕಿಲೋಪ್ಯಾಸ್ಕಲ್.

ಆದರೆ ಪಂಪೂ ಮರಳೂ ನಿಂತ ಭಾರ ಕೊಡುತ್ತವೆ, ಸ್ಫೋಟ ಹೊಡೆದು ಹೋಗುತ್ತದೆ. ಜಿಲೆಟಿನ್‌ನಂಥ ಮದ್ದಿನ ತಳ್ಳು ಹತ್ತಿರದಲ್ಲಿ ಕೆಲವೇ ಮಿಲಿಸೆಕೆಂಡು. ಕೋಣೆಯಲ್ಲಿ ತುಂಬಿದ ಗ್ಯಾಸಿನದು ಹತ್ತಾರು, ಕೆಲವೊಮ್ಮೆ ನೂರಾರು ಮಿಲಿಸೆಕೆಂಡು. ಕ್ಷಣದ ಹೊಡೆತಕ್ಕೆ ತಗಡು ಬಾಗಲು ಪುರುಸೊತ್ತೇ ಇರುವುದಿಲ್ಲ. ಅಲ್ಲಿ ಗಣನೆಗೆ ಬರುವುದು ಒತ್ತಡ ಮತ್ತು ಸಮಯದ ಒಟ್ಟು ಗುಣಲಬ್ಧ. ದೀರ್ಘ ತಳ್ಳಿನಲ್ಲಿ ಗರಿಷ್ಠ ಒತ್ತಡವೇ ಮುಖ್ಯ. ಹಾಗಾಗಿ ಮರಳಿನ ಪರೀಕ್ಷೆಯ ಸಂಖ್ಯೆಯನ್ನು ಗ್ಯಾಸ್ ಸ್ಫೋಟಕ್ಕೆ ಹೆಚ್ಚುಕಡಿಮೆ ನೇರವಾಗಿ ಹಚ್ಚಬಹುದು, ಮದ್ದಿನ ಸ್ಫೋಟಕ್ಕೆ ಹಚ್ಚಿದರೆ ಒತ್ತಡ ತೀರಾ ಕಡಿಮೆ ಬರುತ್ತದೆ.

ಗ್ಯಾಸೋ ಮದ್ದೋ

ಗ್ಯಾಸ್ ಕೋಣೆಯೆಲ್ಲ ತುಂಬಿ ಹತ್ತಿಕೊಳ್ಳುವುದರಿಂದ ಅದಕ್ಕೆ ಒಂದು ಬಿಂದು ಎಂಬ ಕೇಂದ್ರವಿಲ್ಲ. ನೆಲದಲ್ಲಿ ಗುಂಡಿ ಬೀಳುವುದಿಲ್ಲ. ಗೋಡೆ ಇಡಿಯಾಗಿ ಹೊರಗೆ ಮಲಗುತ್ತದೆ, ಪತ್ರಾಸು (ಚಾವಣಿಯ ತಗಡು) ಮಡಚದೆ ಎದ್ದು ಹೋಗುತ್ತದೆ. ಮದ್ದು ಸಿಡಿದಲ್ಲಿ ನೆಲದ ಫರಸಿ ಪುಡಿಯಾಗಿ ಗುಂಡಿ ಬಿದ್ದಿರುತ್ತದೆ, ಹತ್ತಿರದ ಕಬ್ಬಿಣ ಹರಿದು ಮೈತುಂಬ ಸಣ್ಣ ಕುಳಿಗಳಾಗಿರುತ್ತವೆ, ದೂರ ಹೋದಂತೆ ಹಾನಿ ಬೇಗ ಇಳಿಯುತ್ತದೆ. ಇವೆರಡರ ನಡುವೆ ಗೊಂದಲಕ್ಕೆ ಹೆಚ್ಚು ಜಾಗವಿಲ್ಲ, ಮಣ್ಣು ತೆಗೆದು ನೆಲ ಕಾಣುವವರೆಗೆ ತಾಳ್ಮೆ ಇದ್ದರೆ.

‘ಸಿಲಿಂಡರ್ ಬ್ಲಾಸ್ಟ್’ ಎಂದು ಸುದ್ದಿಯಾದ ಎಷ್ಟೋ ಮನೆಗಳಲ್ಲಿ ಸಿಲಿಂಡರ್ ಇಡಿಯಾಗಿ ಇರುತ್ತದೆ. ಸಿಡಿದದ್ದು ಅದರಿಂದ ಸೋರಿ ಕೋಣೆ ತುಂಬಿದ ಗ್ಯಾಸ್. ಸಿಲಿಂಡರೇ ಒಡೆದಿದ್ದರೆ ಅಂಚನ್ನು ಮುಟ್ಟಿ ನೋಡಬೇಕು. ಬೆಂಕಿಯಲ್ಲಿ ಕಾದು ಒಡೆದದ್ದರ ಸೀಳು ಉದ್ದಕ್ಕೆ ಬಾಯಿ ಬಿಟ್ಟಿರುತ್ತದೆ, ಅಂಚಿನ ಲೋಹ ಎಳೆದು ತೆಳ್ಳಗಾಗಿರುತ್ತದೆ, ಅದೂ ಒಳಗಿನ ದ್ರವದ ಮಟ್ಟಕ್ಕಿಂತ ಮೇಲಿನ, ಆವಿ ತುಂಬಿದ ಭಾಗದಲ್ಲಿ. ಅಲ್ಲಿ ಲೋಹವನ್ನು ತಂಪಾಗಿಡಲು ದ್ರವ ಇರುವುದಿಲ್ಲ. ಅಂಥ ಸಿಲಿಂಡರ್ ಒಡೆದದ್ದು ಬೆಂಕಿಗೆ ಕಾರಣವಲ್ಲ, ಬೆಂಕಿಯ ಪರಿಣಾಮ.

ಎಷ್ಟು ಗ್ಯಾಸ್ ಬೇಕು? ಹತ್ತಡಿ ಚೌಕದ ಅಡುಗೆಮನೆ ಎಂದರೆ ಸುಮಾರು 27 ಘನಮೀಟರ್. ಎಲ್‌ಪಿಜಿ ಗಾಳಿಯಲ್ಲಿ ಶೇ. 2ರ ಹತ್ತಿರದಿಂದ ಶೇ. 9ರ ಆಸುಪಾಸಿನವರೆಗೆ ಹತ್ತಿಕೊಳ್ಳುತ್ತದೆ. ಕೆಳಮಿತಿಗೆ ಸುಮಾರು ಒಂದು ಕೆಜಿ ಗ್ಯಾಸ್ ಸಾಕು, 14.2 ಕೆಜಿ ಸಿಲಿಂಡರಿನ ಹದಿನಾಲ್ಕನೇ ಒಂದು ಪಾಲು. ಪೂರ್ತಿ ಬೆರೆಯದೆ ನೆಲಮಟ್ಟದಲ್ಲಿ ಪದರವಾಗಿ ನಿಂತರೆ ಇನ್ನೂ ಕಡಿಮೆ ಸಾಕು. ಇಲ್ಲಿಂದ ಒಂದು ತಪ್ಪು ಲೆಕ್ಕ ಹುಟ್ಟುತ್ತದೆ. ಕೆಜಿಗೆ 46 ಮೆಗಾಜೌಲ್‌ನಂತೆ ಇಡೀ ಸಿಲಿಂಡರಿನ ಶಾಖವನ್ನು ಟಿಎನ್‌ಟಿಯ (ಸ್ಫೋಟಗಳನ್ನು ಹೋಲಿಸಲು ಅಳತೆಗೋಲಾಗಿ ಬಳಸುವ ಮದ್ದು) 4.184ರಿಂದ ಭಾಗಿಸಿ ‘150 ಕೆಜಿ ಟಿಎನ್‌ಟಿಗೆ ಸಮ’ ಎನ್ನುತ್ತಾರೆ. ಆ ಕೋಣೆಯಲ್ಲಿ ಸರಿಯಾದ ಪ್ರಮಾಣದಲ್ಲಿ ಬೆರೆತು ಉರಿಯಬಲ್ಲದ್ದು ಎರಡು ಕೆಜಿ ಚಿಲ್ಲರೆ. ಅದರಲ್ಲೂ ಅಲೆಯಾಗಿ ಹೊರಬೀಳುವುದು ಸಣ್ಣ ಪಾಲು, ಏಕೆಂದರೆ ಗಾಜು, ಕದ ಮೊದಲೇ ಹಾರಿ ಒತ್ತಡಕ್ಕೆ ದಾರಿ ಬಿಡುತ್ತವೆ. ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ ಅದೇ ಮಿಶ್ರಣ ವಾತಾವರಣದ ಏಳೆಂಟು ಪಟ್ಟು ಒತ್ತಡ ಕೊಡಬಲ್ಲದು. ಮನೆಯ ಗೋಡೆ ಅದರ ಹತ್ತಿರಕ್ಕೂ ಹೋಗಲು ಬಿಡುವುದಿಲ್ಲ. ಆದರೂ ಗೋಡೆಯ ಮೇಲೆಯೇ ಕಟ್ಟಡ ನಿಂತಿದ್ದರೆ ಆ ಸಣ್ಣ ಒತ್ತಡವೇ ಸಾಕು. ಲಂಡನ್ನಿನ ರೋನನ್ ಪಾಯಿಂಟ್ ಎಂಬ ಬಹುಮಹಡಿ ಕಟ್ಟಡದಲ್ಲಿ 1968ರ ಮೇ 16ರಂದು 18ನೇ ಮಹಡಿಯ ಒಂದು ಮನೆಯ ಗ್ಯಾಸ್ ಸಿಡಿದು ಇಡೀ ಮೂಲೆ ಕೆಳಗಿನವರೆಗೆ ಕುಸಿಯಿತು. ಮುಖ್ಯ ಆಧಾರಗಳು 34 ಕಿಲೋಪ್ಯಾಸ್ಕಲ್ ತಾಳಬೇಕೆಂಬ ಬ್ರಿಟಿಷ್ ನಿಯಮ ಅದರಿಂದ ಬಂತು. ಬಾಗಲಕೋಟೆಯ ನವನಗರದಲ್ಲಿ ಗೋಡೆಯ ಮೇಲೆ ಸ್ಲ್ಯಾಬ್ ಹಾಕಿದ ಮನೆ ನೋಡುವಾಗ ನಾನು ಮೊದಲು ಹುಡುಕುವುದು ಸ್ಲ್ಯಾಬಿನ ಅಡಿಯ ಹೊಸ ಸಂದಿಯನ್ನು. ಒಳಗಿನ ಒತ್ತಡ ಸ್ಲ್ಯಾಬನ್ನು ಒಂದು ಕ್ಷಣ ಎತ್ತಿದರೆ ಗೋಡೆಯ ಮೇಲಿನ ಭಾರ ತಪ್ಪುತ್ತದೆ. ಭಾರ ತಪ್ಪಿದ ಇಟ್ಟಿಗೆ ಗೋಡೆಯನ್ನು ಹೊರಗೆ ತಳ್ಳುವುದು ಸುಲಭ.

ಗೋಡೆಯ ಬುಡ ಹೊರಗೆ ಬಂದಿದೆ, ಆದ್ದರಿಂದ ಭಾರದ ಗ್ಯಾಸ್ ಕೆಳಗೆ ಸಿಡಿದಿದೆ ಎಂಬ ವಾದ ವರದಿಗಳಲ್ಲಿ ಪದೇಪದೇ ಕಾಣುತ್ತದೆ. ಇದು ಸರಿಯಲ್ಲ. ಗ್ಯಾಸ್ ಎಲ್ಲೇ ಹತ್ತಿದರೂ ಒತ್ತಡ ಕೋಣೆಯಲ್ಲೆಲ್ಲ ಶಬ್ದದ ವೇಗದಲ್ಲಿ ಸಮನಾಗುತ್ತದೆ, ಗೋಡೆ ತನ್ನ ದುರ್ಬಲ ಜಾಗದಲ್ಲಿ ಒಡೆಯುತ್ತದೆ. ಪದರದ ಎತ್ತರ ಬೇಕಾದರೆ ಸುಟ್ಟ ಗುರುತು ನೋಡಬೇಕು: ಪರದೆಯ ಯಾವ ಎತ್ತರದವರೆಗೆ ಎಳೆ ಕರಗಿದೆ, ಕ್ಯಾಲೆಂಡರಿನ ಯಾವ ಅಂಚು ಕಂದಿದೆ. ಹತ್ತಿಸಿದ್ದು ಯಾವುದು ಎಂಬುದಕ್ಕೆ ಒಲೆಯ ನಾಬ್, ದೇವರ ಮನೆಯ ದೀಪ, ಲೈಟಿನ ಸ್ವಿಚ್ ಜೊತೆಗೆ ಫ್ರಿಜ್ಜಿನ ರಿಲೇಯನ್ನೂ ಪಟ್ಟಿಯಲ್ಲಿಡಬೇಕು. ಅದು ಯಾರೂ ಮುಟ್ಟದೆ ತಾನೇ ಕಿಡಿ ಕೊಡುವ ವಸ್ತು, ನೆಲಕ್ಕೆ ಹತ್ತಿರವೂ ಇದೆ. ಹೊಸ ಫ್ರಿಜ್ಜುಗಳ ಒಳಗಿನ ಅನಿಲವೂ ಹತ್ತಿಕೊಳ್ಳುವ ಐಸೊಬ್ಯುಟೇನೇ. ಸೋರಿಕೆಗೆ ವಾಲ್ವಿನೊಳಗಿನ ರಬ್ಬರ್ ರಿಂಗು, ಪೈಪಿನ ಎರಡೂ ತುದಿ, ಪೈಪಿನ ಮೇಲಿನ ತಯಾರಿಕೆಯ ವರ್ಷ ನೋಡಬೇಕು. ಪೈಪನ್ನು ಎಳೆದು ಬಿಡಿಸದೆ, ರೆಗ್ಯುಲೇಟರ್ ಸಮೇತ ಎತ್ತಿ ಪ್ರಯೋಗಾಲಯಕ್ಕೆ ಕೊಡಬೇಕು.

ಗ್ಯಾಸ್ ಸಿಡಿದ ಮನೆಯಲ್ಲಿ ಗ್ಯಾಸಿನ ಮೂಲವೇ ಇರದ ಪ್ರಸಂಗಗಳೂ ಇವೆ. ಮೆಕ್ಸಿಕೋದ ಗ್ವಾದಲಹಾರಾ ನಗರದಲ್ಲಿ 1992ರ ಏಪ್ರಿಲ್ 22ರಂದು ಒಳಚರಂಡಿಗೆ ಸೋರಿದ ಪೆಟ್ರೋಲಿನ ಆವಿ ಸಿಡಿದು ಬೀದಿಗಳೇ ಸೀಳಿದವು, ಇನ್ನೂರಕ್ಕೂ ಹೆಚ್ಚು ಜನ ಹೋದರು. ಜಿಂಕ್ ಲೇಪದ ನೀರಿನ ಪೈಪು ಉಕ್ಕಿನ ಇಂಧನ ಪೈಪಿಗೆ ತಾಗಿಕೊಂಡಿದ್ದು, ತುಕ್ಕು ತಿಂದು ತೂತಾಗಿತ್ತು. ಮನೆಯೊಳಗೆ ಸೋರಿಕೆ ಸಿಗದಿದ್ದರೆ ಮ್ಯಾನ್‌ಹೋಲ್ ಮುಚ್ಚಳ ಯಾವ ಯಾವವು ಎದ್ದಿವೆ ಎಂದು ಓಣಿಯುದ್ದಕ್ಕೂ ನೋಡಿ ಬರಬೇಕು.

ಕ್ಯಾಮೆರಾ ಮತ್ತು ಜನರ ಮಾತು

ಲೆಬನಾನಿನ ಬೈರೂತ್ ಬಂದರಿನಲ್ಲಿ 2020ರ ಆಗಸ್ಟ್ 4ರಂದು, 2,750 ಟನ್ ಎಂದು ದಾಖಲಾಗಿದ್ದ ಅಮೋನಿಯಂ ನೈಟ್ರೇಟ್ ದಾಸ್ತಾನು ಸಿಡಿದ ಮೇಲೆ ಈ ಕೆಲಸದ ದಾರಿಯೇ ಬದಲಾಯಿತು. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ಜನ ಮೊಬೈಲಿನಲ್ಲಿ ತೆಗೆದ ವಿಡಿಯೊಗಳಿಂದ ಮಿಂಚಿದ ಕ್ಷಣ, ಅಲೆ ಬಂದ ಕ್ಷಣ, ನಿಂತ ಜಾಗ ಹಿಡಿದು, ಅದು ಸುಮಾರು 500 ಟನ್, ಹೆಚ್ಚೆಂದರೆ 1,120 ಟನ್ ಟಿಎನ್‌ಟಿಗೆ ಸಮ ಎಂದು ಲೆಕ್ಕ ಹಾಕಿದರು. ನಮ್ಮ ಪೇಟೆಯಲ್ಲಿ ಇದಕ್ಕೆ ಸಿಸಿಟಿವಿ ಸಾಕು. ಡಿವಿಆರ್‌ನ (ಸಿಸಿಟಿವಿ ದೃಶ್ಯ ದಾಖಲಿಸುವ ಪೆಟ್ಟಿಗೆ) ಗಡಿಯಾರ ನಿಮಿಷಗಟ್ಟಲೆ ತಪ್ಪಿರುತ್ತದೆ. ಆದರೆ ಮಿಂಚೂ ಅಲೆಯೂ ಒಂದೇ ಕ್ಯಾಮೆರಾದಲ್ಲಿ ಸಿಕ್ಕರೆ ಗಡಿಯಾರದ ಗೊಡವೆ ಇಲ್ಲ, ನಡುವಿನ ಫ್ರೇಮ್ ಎಣಿಸಿದರೆ ಆಯಿತು. 30 ಡಿಗ್ರಿ ಸೆಖೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 349 ಮೀಟರ್. 150 ಮೀಟರ್ ದೂರದ ಕ್ಯಾಮೆರಾಕ್ಕೆ 0.43 ಸೆಕೆಂಡು, 25 ಫ್ರೇಮಿನ ರೆಕಾರ್ಡಿಂಗಿನಲ್ಲಿ ಹನ್ನೊಂದು ಫ್ರೇಮ್. ಒಂದು ಫ್ರೇಮ್ ಹೆಚ್ಚುಕಡಿಮೆಯಾದರೆ 14 ಮೀಟರ್ ತಪ್ಪು. 15 ಫ್ರೇಮಿನದಾದರೆ 23 ಮೀಟರ್. ಮದ್ದಿನ ಅಲೆ ಹತ್ತಿರದಲ್ಲಿ ಶಬ್ದಕ್ಕಿಂತ ಬೇಗ ಓಡುತ್ತದೆ. ಶಬ್ದಕ್ಕಿಂತ ಎಷ್ಟು ಮೊದಲು ಬಂತು ಎಂಬುದರಿಂದ ಪ್ರಮಾಣ ಸಿಗುತ್ತದೆ. ಗ್ಯಾಸ್ ಸ್ಫೋಟದಲ್ಲಿ ಆ ಮುಂಗಡ ಇರುವುದಿಲ್ಲ, ಅಲ್ಲಿ ಕ್ಯಾಮೆರಾದಿಂದ ದೂರವಷ್ಟೇ ಸಿಗುತ್ತದೆ. ಮೂರು ಕ್ಯಾಮೆರಾಗಳ ದೂರದಿಂದ ಮೂರು ವೃತ್ತ ಎಳೆದರೆ ಕೇಂದ್ರ ಬಂತು.

ಪರದೆಯ ಮೇಲೆ ಓಡುವ ವಿಡಿಯೊವನ್ನು ಮೊಬೈಲಿನಲ್ಲಿ ಹಿಡಿದು ತರಬಾರದು. ಎರಡು ಕ್ಯಾಮೆರಾಗಳ ಫ್ರೇಮ್ ಲಯ ಕೂಡದೆ ಎಣಿಕೆ ಕೆಡುತ್ತದೆ. ಡಿವಿಆರ್‌ನಿಂದ ಮೂಲ ಫೈಲನ್ನೇ ಇಳಿಸಿಕೊಂಡು, ಅಲ್ಲೇ ಹ್ಯಾಶ್ (ಫೈಲ್ ಆಮೇಲೆ ಬದಲಾಗಿಲ್ಲವೆಂದು ತೋರಿಸುವ ಅಂಕಿ-ಅಕ್ಷರಗಳ ಗುರುತು) ತೆಗೆದು ಬರೆದಿಡಬೇಕು.

ಜನರನ್ನು ಕೇಳುವಾಗ ‘ಸಿಲಿಂಡರ್ ಸಪ್ಪಳ ಕೇಳಿತಾ?’ ಎಂದು ಕೇಳಲೇಬಾರದು. ‘ಅಕ್ಕಾರ, ನೀವು ಎಲ್ಲಿ ನಿಂತಿದ್ರಿ, ಏನ್ ಮಾಡಾಕ್ಹತ್ತಿದ್ರಿ, ಮೊದಲ ಏನ್ ಆತು?’ ಎಂದಿಷ್ಟೇ ಕೇಳಿ ಸುಮ್ಮನಿರಬೇಕು. ‘ಮೊದಲ ನೆಲ ನಡುಗಿತ್ರಿ, ಆಮ್ಯಾಲ ಸಪ್ಪಳಾತು’ ಎಂಬ ಉತ್ತರಕ್ಕೆ ಬಹಳ ಬೆಲೆಯಿದೆ. ನೆಲದೊಳಗಿನ ಕಂಪನ ಗಾಳಿಯ ಅಲೆಗಿಂತ ಎಷ್ಟೋ ವೇಗ, ಆ ಅಂತರ ದೂರದ ಸುಳಿವು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಜಿಲೆಟಿನ್ ಸಿಡಿದಾಗ ಸುತ್ತಲಿನ ಊರುಗಳ ಜನ ಭೂಕಂಪವೆಂದೇ ಹೊರಗೋಡಿದ್ದರು. ವಿಜಯಪುರದಲ್ಲಿ ಇದು ತಿರುಗಾಮುರುಗಾ ಆಗುತ್ತದೆ. ಅಲ್ಲಿ ಸಣ್ಣ ಭೂಕಂಪಗಳು ಆಗಾಗ ಬರುವುದರಿಂದ ಯಾವುದೋ ಗುಡುಗನ್ನು ಸ್ಫೋಟವೆನ್ನುವವರೂ ಸಿಗುತ್ತಾರೆ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಕಂಪನ ದಾಖಲೆಯನ್ನು ತರಿಸಿಕೊಂಡು ಹೊತ್ತು ಹೊಂದಿಸಿದರೆ ಆ ಪ್ರಶ್ನೆ ಮುಗಿಯುತ್ತದೆ.

ಕಾರ್ಖಾನೆಯ ಬಗೆ

ಬಾಯ್ಲರ್ ಒಡೆದಲ್ಲಿ ಗಾಜಿಗಿಂತ ತುಂಡುಗಳು ಮುಖ್ಯ. ಪ್ರತಿ ತುಂಡಿನ ತೂಕ, ಬಿದ್ದ ಜಾಗ, ನೆಲದಲ್ಲಿ ಉತ್ತ ಗೆರೆಯ ದಿಕ್ಕು ಬರೆಯಬೇಕು. 100 ಮೀಟರ್ ದೂರ ಬಿದ್ದ ತುಂಡು ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೂ ಸೆಕೆಂಡಿಗೆ ಕನಿಷ್ಠ 31 ಮೀಟರ್ ವೇಗದಲ್ಲಿ ಹೊರಟಿರಬೇಕು. ಅದರಿಂದ ಒಡೆಯುವಾಗಿನ ಶಕ್ತಿಗೆ ಕೆಳಗಿನ ಎಲ್ಲೆ ಸಿಗುತ್ತದೆ. ನೀರಿನ ಮಟ್ಟದ ಗಾಜಿನ ನಳಿಗೆ, ಸೇಫ್ಟಿ ವಾಲ್ವ್, ಕಾವು ಮಿತಿಮೀರಿದರೆ ಕರಗುವ ಫ್ಯೂಸಿಬಲ್ ಪ್ಲಗ್ ಈ ಮೂರನ್ನು ಮೊದಲು ಹುಡುಕಿ ಮೊಹರು ಮಾಡಬೇಕು. ಫೌಂಡ್ರಿಯಲ್ಲಿ ಸಿಡಿದದ್ದು ಬಹುಪಾಲು ನೀರೇ: ಒದ್ದೆ ಸ್ಕ್ರ್ಯಾಪ್, ಸರಿಯಾಗಿ ಕಾಯಿಸದ ಲ್ಯಾಡಲ್ (ಕರಗಿದ ಲೋಹ ಹೊಯ್ಯುವ ಪಾತ್ರೆ), ಎರಡೂ ಬಾಯಿ ಮುಚ್ಚಿದ ಪೈಪಿನ ತುಂಡು. ನೀರು ಆವಿಯಾಗುವಾಗ ಸಾವಿರದಾರುನೂರು ಪಟ್ಟು ಹಿಗ್ಗುತ್ತದೆ, ಕರಗಿದ ಲೋಹದ ಕೆಳಗೆ ಅದಕ್ಕೆ ಜಾಗವಿಲ್ಲ. ಆ ದಿನದ ಸ್ಕ್ರ್ಯಾಪ್ ರಾಶಿಯ ಉಳಿಕೆಯೇ ಅಲ್ಲಿಯ ಸಾಕ್ಷಿ.

ಸಕ್ಕರೆಯ ಸೀಮೆಯಲ್ಲಿ ಇದ್ದು ಸಕ್ಕರೆ ಧೂಳನ್ನು ಮರೆಯಬಾರದು. ಅಮೆರಿಕದ ಜಾರ್ಜಿಯಾದ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ 2008ರ ಫೆಬ್ರವರಿ 7ರಂದು 14 ಜನ ಸತ್ತದ್ದು ಬರೀ ಸಕ್ಕರೆಯ ಹುಡಿಯಿಂದ. ಕನ್ವೇಯರ್ ಬೆಲ್ಟಿಗೆ ಹಿಂದಿನ ವರ್ಷ ಉಕ್ಕಿನ ಹೊದಿಕೆ ಹಾಕಿದ್ದರಿಂದ ಧೂಳು ಒಳಗೇ ದಟ್ಟವಾಯಿತು. ಮೊದಲ ಸಣ್ಣ ಸ್ಫೋಟ ತೊಲೆ, ಪೈಪು, ದೀಪಗಳ ಮೇಲೆ ಕೂತಿದ್ದ ಧೂಳನ್ನೆಲ್ಲ ಎಬ್ಬಿಸಿತು, ಆ ಮೋಡ ಹತ್ತಿಕೊಂಡದ್ದೇ ಕಟ್ಟಡಗಳನ್ನು ಕೆಡವಿತು. ಇಂಥಲ್ಲಿ ಒಂದೇ ಕೇಂದ್ರ ಹುಡುಕಬಾರದು. ಬಾಣಗಳು ಎರಡು ಮೂರು ಕಡೆ ಕೂಡುತ್ತವೆ, ಜನರೂ ಒಂದರ ಹಿಂದೊಂದು ಸಪ್ಪಳ ಹೇಳುತ್ತಾರೆ. ಸುಡದೆ ಉಳಿದ ಮೂಲೆಯ ತೊಲೆಯ ಮೇಲಿನ ಧೂಳಿನ ದಪ್ಪವನ್ನು ಅಳೆದು ಮಾದರಿ ತೆಗೆದುಕೊಳ್ಳಬೇಕು. 0.8 ಮಿಮೀ ದಪ್ಪದ ಪದರ ನೆಲದ ವಿಸ್ತೀರ್ಣದ ಶೇ. 5ರಷ್ಟು ಜಾಗದಲ್ಲಿದ್ದರೂ ಅಪಾಯವೆಂದು ಅಮೆರಿಕದ ಅಗ್ನಿಸುರಕ್ಷಾ ಮಾನದಂಡ ಎಣಿಸಿತ್ತು. ಮಾದರಿಯನ್ನು 20 ಲೀಟರಿನ ಗೋಳದಲ್ಲಿ ಸಿಡಿಸಿ ಒತ್ತಡ ಏರುವ ವೇಗ ನೋಡುವುದು ಪ್ರಯೋಗಾಲಯದ ಕ್ರಮ.

ಲೆಕ್ಕ ಮತ್ತು ಅದರ ಪರೀಕ್ಷೆ

ಮದ್ದಿನ ಸ್ಫೋಟಕ್ಕೆ ದೂರವನ್ನು ತೂಕದ ಘನಮೂಲದಿಂದ ಭಾಗಿಸುತ್ತೇವೆ. ಈ ಭಾಗಲಬ್ಧ ಒಂದೇ ಆದರೆ ಒತ್ತಡವೂ ಒಂದೇ. ಮೀಟರ್–ಕೆಜಿ ಲೆಕ್ಕದಲ್ಲಿ ಅದು 22ರ ಹತ್ತಿರ ಇದ್ದಲ್ಲಿ ಬಯಲಿನಲ್ಲಿ ಒತ್ತಡ ಸುಮಾರು 5 ಕಿಲೋಪ್ಯಾಸ್ಕಲ್. 100 ಕೆಜಿಗೆ ಆ ದೂರ ನೂರು ಮೀಟರಿನ ಚೂರು ಮೇಲೆ. ಎಂಟು ಪಟ್ಟು ಮದ್ದಾದರೆ ದೂರ ಎರಡು ಪಟ್ಟು ಮಾತ್ರ. ಗ್ಯಾಸಿಗೆ ಈ ಸೂತ್ರ ಹತ್ತಿರದಲ್ಲಿ ನಡೆಯುವುದಿಲ್ಲ, ದೂರದ ಸುತ್ತುಗಳಲ್ಲಿ ಮಾತ್ರ ಅಂದಾಜಿಗೆ ಬರುತ್ತದೆ. ಗಲ್ಲಿಯ ಗೋಡೆಗಳ ಪ್ರಭಾವ ತೆಗೆಯಲು ಸಿಟಿಎಸ್ ನಕ್ಷೆಯಿಂದ ಕಟ್ಟಡಗಳ ಎತ್ತರ ಸೇರಿಸಿ ಮಾದರಿ ಮಾಡಿ, ಸ್ಫೋಟದ ಅಲೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಬ್ಲಾಸ್ಟ್‌ಫೋಮ್‌ನಂಥ ಉಚಿತ ತಂತ್ರಾಂಶದಲ್ಲಿ ಓಡಿಸುತ್ತೇವೆ. ಲೆಕ್ಕಕ್ಕಾಗಿ ಜಾಗವನ್ನು ವಿಂಗಡಿಸಿದ ಸಣ್ಣ ಕೋಶಗಳ ಅಳತೆಯನ್ನು ಅರ್ಧ ಮಾಡಿ ಮತ್ತೆ ಓಡಿಸಿದಾಗ ಒತ್ತಡ ಬದಲಾದರೆ ಮೊದಲಿನ ಉತ್ತರವನ್ನು ಬಿಟ್ಟುಬಿಡಬೇಕು.

ವರದಿಯಲ್ಲಿ ಒಂದೇ ಸಂಖ್ಯೆ ಕೊಡುವುದಿಲ್ಲ. ಒಡೆದವು ಕೊಟ್ಟ ಕೆಳಗಿನ ಎಲ್ಲೆ, ಒಡೆಯದವು ಕೊಟ್ಟ ಮೇಲಿನ ಎಲ್ಲೆ ಎರಡನ್ನೂ ಬರೆಯುತ್ತೇವೆ. ಸಮೀಕ್ಷೆಯ ಶುರುವಿನಲ್ಲೇ ಒಂದು ಅಡ್ಡ ಓಣಿಯ ಕಿಟಕಿಗಳ ಹಾಳೆಯನ್ನು ಲೆಕ್ಕಕ್ಕೆ ಸೇರಿಸದೆ ಬೇರೆ ಲಕೋಟೆಯಲ್ಲಿ ಇಟ್ಟಿರುತ್ತೇವೆ. ಪ್ರಮಾಣ, ಕೇಂದ್ರ ತೀರ್ಮಾನವಾದ ಮೇಲೆ ಆ ಓಣಿಯಲ್ಲಿ ಎಷ್ಟು ಗಾಜು ಒಡೆದಿರಬೇಕು ಎಂದು ಮೊದಲು ಬರೆದು, ಆಮೇಲೆ ಲಕೋಟೆ ತೆರೆಯುತ್ತೇವೆ. ಎರಡೂ ಹೊಂದದಿದ್ದರೆ ಬಹುಮಟ್ಟಿಗೆ ಕೇಂದ್ರ ಕೆಲವು ಮೀಟರ್ ಆಚೀಚೆ ಆಗಿರುತ್ತದೆ, ಇಲ್ಲವೇ ಮಾದರಿಯಲ್ಲಿ ಯಾವುದೋ ಕಂಪೌಂಡ್ ಗೋಡೆಯೋ ಮನೆಗಳ ನಡುವಿನ ತೆರೆದ ಸಂದಿಯೋ ಬಿಟ್ಟುಹೋಗಿರುತ್ತದೆ. ಆಗ ಲೆಕ್ಕ ತಿದ್ದುವ ಮೊದಲು ಟೇಪು ಹಿಡಿದು ಆ ಓಣಿಗೇ ಮತ್ತೆ ಹೋಗಬೇಕು.